ಶಾಲಾಮಂಡಲಿಯೂ ಮಕ್ಕಳ ಕ್ಷೇಮವೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶ, ಆಟಗಳಲ್ಲಿ ಗಳಿಸಿದ ಬಹುಮಾನ, ಹೊಸ ಕೊಠಡಿಗಳ ವರ್ತಮಾನ ಇವುಗಳಿಂದ ತುಂಬಿರುವುದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ನಾನು ಇಲ್ಲಿ ಒಂದು ಪಾಠವನ್ನು ಬರೆಯಲಿಚ್ಛಿಸುತ್ತೇನೆ. ಈ ಪಾಠವನ್ನು ಕಲಿಸಿದವಳು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬಳು, ಕಲಿತವಳು ನಾನು.

ಕಳೆದ ಜೂನ್ ತಿಂಗಳಲ್ಲಿ ತಾಯಿತಂದೆಗಳ ಕೂಟವನ್ನು ಕರೆದಿದ್ದೆವು. ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ ಚೀಟಿ ಹೋಗಿತ್ತು. ಬಂದವರು ಇಪ್ಪತ್ತೇಳು ಮಂದಿ. ಫೀಸು, ಸಮವಸ್ತ್ರ, ಮನೆಪಾಠ ಇವುಗಳ ಮಾತು ಮುಗಿದ ಮೇಲೆ, ನನ್ನ ಕೈಯಲ್ಲಿಯೇ ಓದಿ ಈಗ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಿರುವ ಒಬ್ಬ ತಾಯಿ ಎದ್ದು ನಿಂತು, “ಅಮ್ಮನವರೇ, ಮೂಡಣ ಮೆಟ್ಟಿಲಿನ ಕೆಳಗಿರುವ ಕಬ್ಬಿಣದ ಬಾಗಿಲಿಗೆ ಹಗಲೆಲ್ಲಾ ಬೀಗ ಹಾಕಿರುತ್ತದಲ್ಲ, ಅದರ ಬೀಗದ ಕೈ ಈಗ ಎಲ್ಲಿದೆ?” ಎಂದು ಕೇಳಿದಳು. ಹುಡುಗಿಯರು ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋಗದಿರಲೆಂದು ಆ ಬೀಗವನ್ನು ಹಾಕಿಸಿದವಳು ನಾನೇ. ಬೀಗದ ಕೈ ಜವಾನನ ಬಳಿ ಇತ್ತು. ಜವಾನನು ಬ್ಯಾಂಕಿಗೆ ಹೋಗಿದ್ದನು. ಅವನು ಹಿಂದಿರುಗಿ ಬಾಗಿಲು ತೆರೆಯುವಷ್ಟರಲ್ಲಿ ಹದಿನಾಲ್ಕು ನಿಮಿಷಗಳಾದವು. ಮೇಲಿನ ಅಂತಸ್ತಿನಲ್ಲಿ ಆರು ತರಗತಿಗಳಿವೆ. ಸಭೆಯಲ್ಲಿ ಯಾರೂ ಒಂದು ಮಾತನ್ನೂ ಆಡಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬೀಗ ಹಾಕಿಸಿದಾಗ ನನ್ನ ಉದ್ದೇಶವು ಒಳ್ಳೆಯದಾಗಿಯೇ ಇದ್ದಿತು. ಆದರೆ ಆ ನಿರ್ಣಯವನ್ನು ನಾನೊಬ್ಬಳೇ ಮಾಡಿದೆನು. ಅದು ಸರಿಯೋ ತಪ್ಪೋ ಎಂದು ಕೇಳುವವರಿರಲಿಲ್ಲ. ಹಾಗಾದರೆ ಶಾಲೆಯಲ್ಲಿ ಮಕ್ಕಳ ಕ್ಷೇಮವನ್ನು ನಿರ್ಣಯಿಸತಕ್ಕವರು ಯಾರು? ಅವರನ್ನು ಪ್ರಶ್ನಿಸತಕ್ಕವರು ಯಾರು? ಈ ಪ್ರಶ್ನೆಗೆ ಅಮೇರಿಕಾ ಸಂಯುಕ್ತ ಸಂಸ್ಥಾನದ ಜನರು ಬಹು ಹಿಂದಿನಿಂದ ಒಂದು ಉತ್ತರವನ್ನು ಇಟ್ಟುಕೊಂಡಿದ್ದಾರೆ. ಊರಿನ ಶಾಲೆಯನ್ನು ಆಳತಕ್ಕವರನ್ನು ಊರಿನವರೇ ಮತ ಹಾಕಿ ಆರಿಸಬೇಕು ಎಂಬುದೇ ಆ ಉತ್ತರ. ಅದರಲ್ಲಿ ಗುಣವೂ ಇದೆ, ದೋಷವೂ ಇದೆ. ಎರಡನ್ನೂ ಸಾವಧಾನವಾಗಿ ನೋಡೋಣ.

1. ಶಾಲಾಜಿಲ್ಲೆ ಎಂದರೇನು?

ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ನೆಲೆಸಿದ ಆಂಗ್ಲರು 1647ರಲ್ಲಿಯೇ ಒಂದು ಕಾನೂನನ್ನು ಮಾಡಿದರು. ಐವತ್ತು ಕುಟುಂಬಗಳಿರುವ ಪ್ರತಿಯೊಂದು ಊರೂ ಓದುಬರಹ ಕಲಿಸುವುದಕ್ಕೆ ಒಬ್ಬ ಉಪಾಧ್ಯಾಯನನ್ನು ನೇಮಿಸಬೇಕು. ನೂರು ಕುಟುಂಬಗಳಿದ್ದರೆ ಮೇಲಿನ ತರಗತಿಯ ಶಾಲೆಯನ್ನೂ ಸ್ಥಾಪಿಸಬೇಕು ಎಂದು ಅದರಲ್ಲಿ ವಿಧಿಸಲಾಯಿತು. ಶಾಲೆಯ ಹೊಣೆಯು ದೂರದ ದೊರೆಯದಲ್ಲ, ಊರಿನದು ಎಂಬ ಭಾವನೆಯು ಅಲ್ಲಿ ಹೀಗೆ ಬೇರೂರಿತು. 1826ರಲ್ಲಿ ಅದೇ ಪ್ರಾಂತದಲ್ಲಿ ಪ್ರತಿಯೊಂದು ಊರೂ ಶಾಲಾಸಮಿತಿಯನ್ನು ಚುನಾಯಿಸತಕ್ಕದ್ದೆಂದು ನಿಯಮವಾಯಿತು. 1837ರಲ್ಲಿ ಪ್ರಾಂತಕ್ಕೆಲ್ಲಾ ಒಂದು ವಿದ್ಯಾಮಂಡಲಿಯು ಏರ್ಪಟ್ಟು, ಹೋರೇಸ್ ಮ್ಯಾನ್ ಎಂಬವರು ಅದರ ಮೊದಲನೆಯ ಕಾರ್ಯದರ್ಶಿಯಾದರು.

ಈ ಪದ್ಧತಿಯು ದೇಶದಲ್ಲೆಲ್ಲಾ ಹಬ್ಬಿತು. ಒಂದು ಊರಿನ ಅಥವಾ ಕೆಲವು ಊರುಗಳ ಸಾರ್ವಜನಿಕ ಶಾಲೆಗಳು ಸೇರಿ ಒಂದು ‘ಶಾಲಾಜಿಲ್ಲೆ’ ಎನ್ನಿಸುತ್ತವೆ. ನಮ್ಮ ಕಂದಾಯದ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. 1940ರ ಸುಮಾರಿಗೆ ಅಂಥ ಜಿಲ್ಲೆಗಳು 1,17,000ದಷ್ಟಿದ್ದವು. ಅನೇಕ ಕಡೆ ಒಂದೇ ಕೋಣೆಯ ಶಾಲೆಗೂ ಒಂದು ಮಂಡಲಿಯಿತ್ತು. ಚಿಕ್ಕವುಗಳನ್ನು ಕೂಡಿಸುತ್ತಾ ಬಂದುದರಿಂದ ಈಗ ಅವು ಸುಮಾರು 13,000 ಆಗಿವೆ. ಹವಾಯಿ ಪ್ರಾಂತಕ್ಕೆಲ್ಲಾ ಒಂದೇ ಜಿಲ್ಲೆ.

2. ಮಂಡಲಿಯ ಕೆಲಸವೇನು?

ಸಾಮಾನ್ಯವಾಗಿ ಮಂಡಲಿಯಲ್ಲಿ ಐವರು, ಏಳು ಮಂದಿ ಅಥವಾ ಒಂಬತ್ತು ಮಂದಿ ಸದಸ್ಯರಿರುತ್ತಾರೆ. ಅವರಲ್ಲಿ ಬಹು ಮಂದಿಗೆ ಸಂಬಳವಿಲ್ಲ. ರೈತನು, ಅಂಗಡಿಯವನು, ದಾದಿ, ಗೃಹಿಣಿ, ಯಾರಾದರೂ ನಿಲ್ಲಬಹುದು. ಹೆಚ್ಚಿನ ಪ್ರಾಂತಗಳಲ್ಲಿ ಈ ಚುನಾವಣೆಯ ಮತಪತ್ರದ ಮೇಲೆ ರಾಜಕೀಯ ಪಕ್ಷದ ಹೆಸರಿರುವುದಿಲ್ಲ.

ಮಂಡಲಿಯು ತಾನೇ ಪಾಠ ಹೇಳುವುದಿಲ್ಲ. ಶಾಲೆಯನ್ನು ದಿನದಿನವೂ ನಡೆಸುವುದೂ ಇಲ್ಲ. ಅದಕ್ಕಾಗಿ ಒಬ್ಬ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. ಮಂಡಲಿಯು ನಿಯಮಗಳನ್ನು ಮಾಡುತ್ತದೆ. ವರ್ಷದ ಆಯವ್ಯಯವನ್ನು ಮಂಜೂರು ಮಾಡುತ್ತದೆ. ಕಟ್ಟಡ, ಬಸ್ಸು, ಊಟ, ರಿಪೇರಿ ಇವುಗಳ ಗುತ್ತಿಗೆಗಳಿಗೆ ಒಪ್ಪಿಗೆ ಕೊಡುತ್ತದೆ. ಶಾಲೆಗಳ ಹಣದ ದೊಡ್ಡ ಭಾಗವು ಊರಿನವರ ಮನೆ ಮತ್ತು ಭೂಮಿಯ ಮೇಲಿನ ಕರದಿಂದಲೂ, ಇನ್ನೊಂದು ದೊಡ್ಡ ಭಾಗವು ಪ್ರಾಂತದ ಬೊಕ್ಕಸದಿಂದಲೂ ಬರುತ್ತದೆ; ಕೇಂದ್ರ ಸರ್ಕಾರದಿಂದ ಬರುವುದು ಸ್ವಲ್ಪವೇ. ಹೊಸ ಕಟ್ಟಡಕ್ಕೆ ಸಾಲವೆತ್ತಬೇಕಾದರೆ ಅನೇಕ ಪ್ರಾಂತಗಳಲ್ಲಿ ಊರಿನವರ ಮತವನ್ನೇ ಕೇಳಬೇಕು. ಮಂಡಲಿಯ ಸಭೆಗಳು ಬಾಗಿಲು ತೆರೆದು ನಡೆಯತಕ್ಕವು. ಮುಂದಾಗಿಯೇ ವಿಷಯಗಳ ಪಟ್ಟಿಯನ್ನು ಪ್ರಕಟಿಸಬೇಕು. ಬಂದವರಿಗೆ ಎರಡು ಮೂರು ನಿಮಿಷ ಮಾತಾಡುವ ಅವಕಾಶವನ್ನೂ ಬಹುಮಟ್ಟಿಗೆ ಕೊಡುತ್ತಾರೆ.

ಏರ್ಪಾಡು ನೋಡುವುದಕ್ಕೆ ಚೆನ್ನಾಗಿದೆಯಲ್ಲವೆ? ಆದರೆ ಇದರ ದೊಡ್ಡ ದೋಷವೊಂದುಂಟು. ಅನೇಕ ಕಡೆ ಈ ಚುನಾವಣೆಗಳು ದೊಡ್ಡ ಚುನಾವಣೆಗಳಿಲ್ಲದ ದಿನಗಳಲ್ಲಿ ನಡೆಯುವುದರಿಂದ ಮತ ಹಾಕಲು ಬರುವವರು ಬಹು ಸ್ವಲ್ಪ. ಎಷ್ಟೋ ಸ್ಥಾನಗಳಿಗೆ ಒಬ್ಬನೇ ಉಮೇದುವಾರನು ನಿಲ್ಲುತ್ತಾನೆ. ಸಾಧಾರಣ ದಿನಗಳ ಸಭೆಯಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಹಕ್ಕು ದೊರೆಯುವುದೇ ಬೇರೆ, ಹಕ್ಕನ್ನು ನಡೆಸುವುದೇ ಬೇರೆ. ಚಿಕಾಗೋ ನಗರದ ಶಾಲಾಮಂಡಲಿಯನ್ನು ಬಹುಕಾಲ ಮೇಯರನೇ ನೇಮಿಸುತ್ತಿದ್ದನು. ಅಲ್ಲಿನ ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2024ರ ನವೆಂಬರ್ ತಿಂಗಳಲ್ಲಿ ಕೆಲವು ಸ್ಥಾನಗಳಿಗೆ ಮೊದಲನೆಯ ಚುನಾವಣೆಯು ನಡೆಯಿತು. ಇಲ್ಲದವರು ಹೋರಾಡಿ ಪಡೆಯುವ ಹಕ್ಕನ್ನು ಇರುವವರು ಮನೆಯಲ್ಲಿ ಕುಳಿತು ಕಳೆಯುತ್ತಾರೆ.

3. ಸ್ತ್ರೀಯರ ಮೊದಲನೆಯ ಮತ

ನಮ್ಮ ಹುಡುಗಿಯರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಅಮೇರಿಕೆಯಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ದೇಶದಲ್ಲೆಲ್ಲಾ ದೊರೆತದ್ದು 1920ರಲ್ಲಿ. ಆದರೆ ಶಾಲೆಯ ವಿಷಯದಲ್ಲಿ ಬಾಗಿಲು ಅದಕ್ಕೆ ಬಹು ಮೊದಲೇ ಸ್ವಲ್ಪ ತೆರೆಯಿತು. 1838ರಲ್ಲಿ ಕೆಂಟಕಿ ಪ್ರಾಂತವು ಹಳ್ಳಿಗಾಡಿನಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದ ವಿಧವೆಯರಿಗೆ ಶಾಲೆಯ ವಿಷಯಗಳಲ್ಲಿ ಮತವನ್ನು ಕೊಟ್ಟಿತು. 1861ರಲ್ಲಿ ಕ್ಯಾನ್ಸಸ್ ಪ್ರಾಂತವೂ, 1879ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತವೂ ಶಾಲಾ ಚುನಾವಣೆಗಳಲ್ಲಿ ಸ್ತ್ರೀಯರಿಗೆ ಅವಕಾಶವಿತ್ತವು. ಇಂಗ್ಲೆಂಡಿನಲ್ಲಿ 1870ರಲ್ಲಿ ಶಾಲಾಮಂಡಲಿಗಳು ಏರ್ಪಟ್ಟಾಗ, ವೈದ್ಯೆ ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವೀಸ್ ಎಂಬವರು ಲಂಡನ್ ಮಂಡಲಿಗೆ ಚುನಾಯಿತರಾದರು. ಆಗ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕು ಅವರಿಗಿರಲಿಲ್ಲ.

‘ಲಿಟಲ್ ವಿಮೆನ್’ ಎಂಬ ಕಥೆಯನ್ನು ನಮ್ಮ ಪುಸ್ತಕಾಲಯದಿಂದ ಓದದ ಹುಡುಗಿಯರು ಕಡಮೆ. ಅದನ್ನು ಬರೆದ ಲೂಯಿಸಾ ಮೇ ಆಲ್ಕಾಟ್ ಅವರು ಕಾಂಕರ್ಡ್ ಎಂಬ ಊರಿನಲ್ಲಿ ಶಾಲಾಸಮಿತಿಯ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ ಮೊದಲನೆಯ ಸ್ತ್ರೀ. ಇತರ ಸ್ತ್ರೀಯರನ್ನು ಹೊರಡಿಸುವುದಕ್ಕೆ ಆಕೆ ಮನೆಮನೆಗೂ ಅಲೆದು ಬಹಳ ಶ್ರಮಪಡಬೇಕಾಯಿತು. 1880ರ ಮಾರ್ಚ್ 29ರಂದು ಊರಿನ ಸಭೆಯಲ್ಲಿ ಇಪ್ಪತ್ತು ಮಂದಿ ಸ್ತ್ರೀಯರು ಮತ ಹಾಕಿದರು. ಅವರ ಮತ ಮುಗಿದ ಕೂಡಲೆ ಆ ವಿಷಯದ ಮತದಾನವನ್ನು ಅಲ್ಲಿಗೇ ಮುಗಿಸಲಾದುದರಿಂದ, ಗಂಡಸರಲ್ಲಿ ಒಬ್ಬರಾದರೂ ಮತ ಹಾಕಲಿಲ್ಲ! ಊರಿಗೆ ಯಾವ ಕೇಡೂ ಸಂಭವಿಸಲಿಲ್ಲ.

4. ಉಳಿತಾಯ ಮಾಡಿದ ಮಂಡಲಿ

ಈಗ ಪಾಠದ ಕಠಿನವಾದ ಭಾಗಕ್ಕೆ ಬರುತ್ತೇನೆ. ಚಿಕ್ಕ ಮಕ್ಕಳ ಮುಂದೆ ಇದನ್ನು ಓದದಿರುವುದು ಲೇಸು.

ಟೆಕ್ಸಾಸ್ ಪ್ರಾಂತದ ಪೂರ್ವಭಾಗದಲ್ಲಿ ನ್ಯೂ ಲಂಡನ್ ಎಂಬ ಊರಿದೆ. 1930ರಲ್ಲಿ ಆ ಸೀಮೆಯಲ್ಲಿ ಕಲ್ಲೆಣ್ಣೆಯು ಸಿಕ್ಕಿದ್ದರಿಂದ ಅಲ್ಲಿನ ಶಾಲಾಜಿಲ್ಲೆಯು ದೇಶದ ಹಣವಂತ ಜಿಲ್ಲೆಗಳಲ್ಲಿ ಒಂದಾಯಿತು. ಉಕ್ಕಿನ ಚೌಕಟ್ಟಿನ ದೊಡ್ಡ ಶಾಲೆಯನ್ನು ಕಟ್ಟಿದರು. ಕಟ್ಟಡದ ನಕ್ಷೆ ಬರೆದವನು ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಹಬೆಯ ಏರ್ಪಾಡನ್ನು ಸೂಚಿಸಿದ್ದನು. ಮಂಡಲಿಯು ಅದನ್ನು ಬಿಟ್ಟು ಗ್ಯಾಸಿನಿಂದ ಉರಿಯುವ 72 ಒಲೆಗಳನ್ನು ಇಡಿಸಿತು. 1937ರ ಆರಂಭದಲ್ಲಿ ಗ್ಯಾಸಿನ ಬಾಬ್ತು ತಿಂಗಳಿಗೆ ಸುಮಾರು 300 ಡಾಲರು ಖರ್ಚಾಗುತ್ತದೆಂದು ಆ ಗುತ್ತಿಗೆಯನ್ನೂ ನಿಲ್ಲಿಸಿ, ಎಣ್ಣೆ ಬಾವಿಗಳ ಕಡೆಯಿಂದ ಹೋಗುತ್ತಿದ್ದ ನಿರುಪಯೋಗಿ ಗ್ಯಾಸಿನ ಕೊಳವೆಗೆ ಶಾಲೆಯ ಕೊಳವೆಯನ್ನು ಜೋಡಿಸಿದರು. ಆ ಗ್ಯಾಸಿಗೆ ಬೆಲೆಯಿರಲಿಲ್ಲ. ಅದಕ್ಕೆ ವಾಸನೆಯೂ ಇರಲಿಲ್ಲ.

ಎಲ್ಲಿಯೋ ಕೂಡುಗಂಟಿನಲ್ಲಿ ಸೋರಿ, ಕಟ್ಟಡದ ನೆಲದಡಿಯ ಟೊಳ್ಳಿನಲ್ಲಿ ಗ್ಯಾಸು ತುಂಬಿಕೊಂಡಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರಂತೆ. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. 1937ರ ಮಾರ್ಚ್ 18, ಗುರುವಾರ, ಮಧ್ಯಾಹ್ನ ಮೂರು ಗಂಟೆಯ ಮೇಲೆ, ಕೈಗೆಲಸದ ತರಗತಿಯಲ್ಲಿ ಉಪಾಧ್ಯಾಯರೊಬ್ಬರು ಮರವನ್ನು ಉಜ್ಜುವ ವಿದ್ಯುತ್ ಯಂತ್ರವನ್ನು ನಡೆಸಲು ಗುಂಡಿಯನ್ನು ಒತ್ತಿದರು. ಕಿಡಿ ಹಾರಿತು. ಕಟ್ಟಡವು ಮೇಲಕ್ಕೆದ್ದು ಕುಸಿಯಿತು. ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಸತ್ತರು. ಆ ಹೊತ್ತಿಗೆ ಮಗ್ಗುಲ ವ್ಯಾಯಾಮಶಾಲೆಯಲ್ಲಿ ತಾಯಂದಿರ ಮತ್ತು ಉಪಾಧ್ಯಾಯರ ಕೂಟವು ನಡೆಯುತ್ತಿತ್ತು. ಶಾಲೆಯ ಸೂಪರಿಂಟೆಂಡೆಂಟರು ಸಹ ಆ ದಿನ ತಮ್ಮ ಮಗನನ್ನು ಕಳೆದುಕೊಂಡರು.

ಆ ಮಂಡಲಿಯವರು ದುಷ್ಟರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಸುತ್ತಲಿನ ಮನೆಗಳವರೂ ಅದೇ ಗ್ಯಾಸನ್ನು ಉಪಯೋಗಿಸುತ್ತಿದ್ದರು. ಸಾರ್ವಜನಿಕರ ದುಡ್ಡನ್ನು ಉಳಿಸಿದೆವೆಂದೇ ಅವರು ತಿಳಿದಿದ್ದಿರಬೇಕು. ನ್ಯಾಯಾಲಯದಲ್ಲಿಯೂ ಅವರ ಮೇಲೆ ಹೊಣೆ ನಿಲ್ಲಲಿಲ್ಲ. ಆದರೆ “ಇದು ಸೋರಿದರೆ ನಮಗೆ ಹೇಗೆ ತಿಳಿಯುವುದು?” ಎಂಬ ಒಂದು ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಅದೇ ವರ್ಷ ಟೆಕ್ಸಾಸ್ ಪ್ರಾಂತವು ಗ್ಯಾಸಿಗೆ ದುರ್ವಾಸನೆಯ ದ್ರವ್ಯವನ್ನು ಬೆರೆಸಬೇಕೆಂದು ಕಾನೂನು ಮಾಡಿತು; ಆ ಪದ್ಧತಿಯು ಮುಂದೆ ಬಹು ವ್ಯಾಪಕವಾಯಿತು. ತಾಯಂದಿರೇ, ನಿಮ್ಮ ಅಡಿಗೆಮನೆಯ ಸಿಲಿಂಡರು ಸೋರಿದಾಗ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆಯು ಗ್ಯಾಸಿನದ್ದಲ್ಲ, ಎಚ್ಚರಿಸುವುದಕ್ಕಾಗಿಯೇ ಬೆರೆಸಿದ್ದು.

5. ಮೊದಲೇ ಎಚ್ಚತ್ತ ಪ್ರಾಂತ

ಅದಕ್ಕೆ ನಾಲ್ಕು ವರ್ಷ ಮೊದಲು, 1933ರ ಮಾರ್ಚ್ 10ರಂದು ಸಂಜೆ ಆರು ಗಂಟೆಯ ಸುಮಾರಿಗೆ ಕ್ಯಾಲಿಫೋರ್ನಿಯಾ ಪ್ರಾಂತದ ಲಾಂಗ್ ಬೀಚ್ ಪಟ್ಟಣದಲ್ಲಿ ಭೂಕಂಪವಾಯಿತು. ಆ ಸೀಮೆಯಲ್ಲಿ ಸುಮಾರು 70 ಶಾಲಾಕಟ್ಟಡಗಳು ನಾಶವಾದವು. ಮಕ್ಕಳು ಮನೆಗೆ ಹೋಗಿ ಕೆಲವು ಗಂಟೆಗಳಾಗಿದ್ದವು. ಇಲ್ಲವಾದರೆ ಸತ್ತವರ ಲೆಕ್ಕವು ಸಾವಿರಗಳಲ್ಲಿರುತ್ತಿತ್ತು. ಸರಿಯಾಗಿ ಒಂದು ತಿಂಗಳಲ್ಲಿ, ಏಪ್ರಿಲ್ 10ರಂದು, ‘ಫೀಲ್ಡ್ ಆಕ್ಟ್’ ಎಂಬ ಕಾನೂನಿಗೆ ರುಜುವಾಯಿತು. ಸಾರ್ವಜನಿಕ ಶಾಲೆಯ ನಕ್ಷೆಯನ್ನು ಪ್ರಾಂತದ ಅಧಿಕಾರಿಗಳು ಪರೀಕ್ಷಿಸಿ ಒಪ್ಪಬೇಕು, ಕಟ್ಟುವಾಗಲೂ ತಪಾಸಣೆಯಾಗಬೇಕು ಎಂಬುದು ಅದರ ಸಾರ. ಶಾಲೆಯು ಊರಿನದಾದರೂ, ಊರಿನ ಮಂಡಲಿಗೆ ತಿಳಿಯದ ವಿಷಯಗಳುಂಟು. ಅಲ್ಲಿ ಬಲ್ಲವರ ಮೇಲ್ವಿಚಾರಣೆಯು ಬೇಕು ಎಂಬುದನ್ನು ಇದರಿಂದ ತಿಳಿಯಬಹುದು.

6. ಕೆಟ್ಟ ಬೀಗ

ನಮ್ಮ ಕಾಲದಲ್ಲಿ ಅಲ್ಲಿನ ತಾಯಂದಿರಿಗೆ ಬೇರೊಂದು ಭಯ ಬಂದಿದೆ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಗೆ ಬಂದೂಕುಧಾರಿಯೊಬ್ಬನು ನುಗ್ಗಿ 19 ಮಂದಿ ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದನು. ಆ ಶಾಲಾಜಿಲ್ಲೆಗೆ ತನ್ನದೇ ಆದ ಪೊಲೀಸು ಪಡೆಯಿತ್ತು; ಬರಹದಲ್ಲಿ ಕ್ಷೇಮದ ಯೋಜನೆಯೂ ಇತ್ತು. ಒಟ್ಟು 376 ಮಂದಿ ಅಧಿಕಾರಿಗಳು ಬಂದು ಸೇರಿದರು. ಆದರೂ ಒಳಗೆ ಹೋಗುವುದಕ್ಕೆ ಒಂದು ಗಂಟೆಗಿಂತಲೂ ಹೆಚ್ಚು ಹೊತ್ತಾಯಿತು. ಶಾಸನಸಭೆಯ ವಿಚಾರಣಾ ಸಮಿತಿಯು ಅದೇ ಜುಲೈ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ಇನ್ನೊಂದು ಸಂಗತಿಯು ಬೆಳಕಿಗೆ ಬಂದಿತು. ಒಂದು ತರಗತಿಯ ಬಾಗಿಲಿನ ಬೀಗವು ಸರಿಯಾಗಿ ಬೀಳುತ್ತಿರಲಿಲ್ಲ. ಅದು ಶಾಲೆಯಲ್ಲಿ ಹಲವರಿಗೆ ತಿಳಿದಿತ್ತು. ಆದರೆ ರಿಪೇರಿ ಮಾಡಬೇಕೆಂದು ಒಬ್ಬರೂ ಬರೆದು ಕೊಟ್ಟಿರಲಿಲ್ಲ.

ಆ ಬೇಸಗೆಯಲ್ಲಿ ಮಡಿದ ಮಕ್ಕಳ ತಾಯಿತಂದೆಗಳು ಶಾಲಾಮಂಡಲಿಯ ಸಭೆಗಳಿಗೆ ಮತ್ತೆ ಮತ್ತೆ ಬಂದು ಉತ್ತರ ಕೇಳಿದರು. ಆಗಸ್ಟ್ 24ರಂದು ಮಂಡಲಿಯು ತನ್ನ ಪೊಲೀಸು ಮುಖ್ಯಸ್ಥನನ್ನು ಸರ್ವಾನುಮತದಿಂದ ಕೆಲಸದಿಂದ ತೆಗೆಯಿತು. ಆ ಊರಿನವರು ಶಾಲೆಯನ್ನು ಪ್ರಶ್ನಿಸುವ ಸ್ಥಳವೊಂದನ್ನು ಇಟ್ಟುಕೊಂಡಿದ್ದರು, ನಿಜ. ಆದರೆ ಸಭೆ ತುಂಬಿದ್ದು ಮಕ್ಕಳನ್ನು ಮಣ್ಣು ಮಾಡಿದ ಮೇಲೆ. ಕೆಟ್ಟ ಬೀಗದ ಮಾತು ಸಾಧಾರಣವಾದ ಒಂದು ಮಂಗಳವಾರದ ಸಭೆಯಲ್ಲಿ ಬಂದಿದ್ದರೆ ಅದಕ್ಕೆ ಹತ್ತು ನಿಮಿಷವೂ ಹಿಡಿಯುತ್ತಿರಲಿಲ್ಲ.

7. ಇವುಗಳಿಂದ ನಾವು ಕಲಿಯತಕ್ಕದ್ದೇನು?

ಮಕ್ಕಳ ಕ್ಷೇಮವು ಅನಾಹುತದ ದಿನ ನಿರ್ಣಯವಾಗುವುದಿಲ್ಲ. ಅದಕ್ಕೆ ತಿಂಗಳುಗಳ ಮೊದಲು, ಬೇಸರ ಹಿಡಿಸುವ ಒಂದು ಸಭೆಯಲ್ಲಿ, ಲೆಕ್ಕದ ಪುಸ್ತಕದ ಒಂದು ಸಾಲಿನಲ್ಲಿ ನಿರ್ಣಯವಾಗುತ್ತದೆ. ಆ ಸಭೆಯಲ್ಲಿ ಕುಳಿತಿರುವವರು ಒಳ್ಳೆಯವರಾಗಿದ್ದರೆ ಸಾಲದು. ಅವರನ್ನು ಕೇಳುವವರು ಎದುರಿಗಿರಬೇಕು.

ಚುನಾಯಿತ ಶಾಲಾಮಂಡಲಿಯು ನಮ್ಮ ಸೀಮೆಗೆ ತೀರ ಹೊಸದಲ್ಲ. ಮುಂಬಯಿ ಪ್ರಾಂತದ 1923ರ ಪ್ರಾಥಮಿಕ ಶಿಕ್ಷಣದ ಕಾನೂನಿನ ಪ್ರಕಾರ ಆಗ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಮೊದಲಾದ ಜಿಲ್ಲೆಗಳ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳ ವಶಕ್ಕೆ ಬಂದವು. ಆ ಕಾಲ ಹೋಯಿತು. ಆದರೆ 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕಿನ ಕಾನೂನು, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಾಯಿತಂದೆಗಳೂ, ಅರ್ಧದಷ್ಟು ಸ್ತ್ರೀಯರೂ ಇರಬೇಕೆಂದು ಹೇಳುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿಯ ಮಕ್ಕಳು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಆ ಸಮಿತಿಗೆ ನಿಮ್ಮ ಹೆಸರು ಬಂದರೆ, “ನನಗೇಕೆ ಆ ಗೋಜು?” ಎನ್ನಬೇಡಿರಿ. ಕೇವಲ ರುಜು ಹಾಕಿ ಮನೆಗೆ ಬರುವ ಸದಸ್ಯಳೂ ಆಗಬೇಡಿರಿ.

ಅಪಾಯವು ಅಮೇರಿಕೆಯದೆಂದು ಬಗೆಯುವ ಹಾಗೂ ಇಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಅಡಿಗೆಮನೆಯಿಂದೆದ್ದ ಬೆಂಕಿಯು ಗರಿ ಹೊದಿಸಿದ ಮಾಡಿಗೆ ತಗಲಿ 94 ಮಂದಿ ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟು, ಕ್ಷೇಮವಾದ ಶಾಲೆಯಲ್ಲಿ ಓದುವುದು ಮಕ್ಕಳ ವಿದ್ಯೆಯ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳಿರಬೇಕೆಂದು ಆಜ್ಞಾಪಿಸಿತು. ಸಾಧನವನ್ನು ಗೋಡೆಗೆ ತೂಗುಹಾಕುವುದು ಸುಲಭ. ಅದರ ಅವಧಿ ಮುಗಿದಿದೆಯೆ, ಅದನ್ನು ನಡೆಸಬಲ್ಲವರು ಇದ್ದಾರೆಯೆ ಎಂದು ವರ್ಷವರ್ಷವೂ ಕೇಳುವವರು ಬೇಕು.

8. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಪಾಠದ ಕೊನೆಗೆ ಅಭ್ಯಾಸ ಕೊಡುವುದು ಉಪಾಧ್ಯಾಯಿನಿಯ ಧರ್ಮ. ತಾಯಿತಂದೆಗಳು ತಮ್ಮ ಮಕ್ಕಳು ಹೋಗುವ ಶಾಲೆಯು ಯಾವುದಾದರೂ ಆಗಲಿ, ಮುಂದಿನ ಕೂಟಕ್ಕೆ ಹೋಗಿ ಈ ಪ್ರಶ್ನೆಗಳನ್ನು ಕೇಳಬೇಕು:

ಮೇಲಂತಸ್ತಿನಿಂದ ಕೆಳಗಿಳಿಯಲು ಎಷ್ಟು ದಾರಿಗಳಿವೆ? ಅವುಗಳಲ್ಲಿ ಯಾವುದಕ್ಕಾದರೂ ಬೀಗವಿದೆಯೆ?

ಬಾಗಿಲುಗಳು ಹೊರಕ್ಕೆ ತೆರೆಯುತ್ತವೆಯೋ, ಒಳಕ್ಕೋ?

ಅಡಿಗೆಯ ಗ್ಯಾಸೂ ವಿದ್ಯುತ್ ತಂತಿಗಳೂ ಕಡೆಯ ಬಾರಿ ಯಾವಾಗ ಪರೀಕ್ಷಿಸಲ್ಪಟ್ಟವು? ಪರೀಕ್ಷಿಸಿದವರು ಯಾರು?

ಕೆಟ್ಟದ್ದನ್ನು ಕಂಡವರು ಬರೆದಿಡುವುದಕ್ಕೆ ಒಂದು ಪುಸ್ತಕವಿದೆಯೆ? ಅದನ್ನು ಯಾರು ಓದುತ್ತಾರೆ?

ಈ ವರ್ಷ ಯಾವುದರಲ್ಲಿ ಹಣವನ್ನು ಉಳಿಸಿದಿರಿ?

ಕಡೆಯ ಪ್ರಶ್ನೆಯನ್ನು ಕೇಳುವಾಗ ಸಂಕೋಚಪಡಬೇಡಿರಿ. ಪ್ರಶ್ನಿಸುವುದು ಅವಮರ್ಯಾದೆಯೆಂದು ನಮ್ಮ ಹೆಣ್ಣುಮಕ್ಕಳಿಗೆ ಬಹುಕಾಲ ಕಲಿಸಿದ್ದೇವೆ. ಆ ತಪ್ಪಿನಲ್ಲಿ ಉಪಾಧ್ಯಾಯಿನಿಯರಾದ ನಮಗೂ ಪಾಲುಂಟು.

ಮೂಡಣ ಮೆಟ್ಟಿಲಿನ ಬಾಗಿಲಿಗೆ ಈಗ ಬೀಗವಿಲ್ಲ. ಒಳಗಿನಿಂದ ಚಿಲಕ ತಳ್ಳಿದರೆ ಯಾವ ಹುಡುಗಿಯಾದರೂ ತೆರೆಯಬಹುದು. ಹೊರಗಿನವರು ಬಾರದಂತೆ ನೋಡಲು ಅಲ್ಲಿ ಒಬ್ಬ ಆಯಾ ಕುಳಿತಿರುತ್ತಾಳೆ. ತಿಂಗಳಿಗೊಮ್ಮೆ, ಮುಂದಾಗಿ ತಿಳಿಸದೆ ಗಂಟೆ ಬಾರಿಸಿ ಮೇಲಂತಸ್ತನ್ನು ಖಾಲಿ ಮಾಡಿಸುತ್ತೇವೆ. ಮೊದಲನೆಯ ಸಾರಿ ಒಂಬತ್ತು ನಿಮಿಷ ಹಿಡಿಯಿತು. ಕಳೆದ ತಿಂಗಳು ನಾಲ್ಕು. ಆ ಪ್ರಶ್ನೆಯನ್ನು ಕೇಳಿದ ತಾಯಿಯು ಈಗ ನಮ್ಮ ತಾಯಿತಂದೆಗಳ ಸಮಿತಿಯಲ್ಲಿದ್ದಾಳೆ. ಹೊತ್ತನ್ನು ಗಡಿಯಾರ ನೋಡಿ ಬರೆದುಕೊಳ್ಳುವವಳು ಅವಳೇ. ನಾಲ್ಕು ನಿಮಿಷವೂ ಹೆಚ್ಚಾಯಿತೆಂಬುದು ಅವಳ ಅಭಿಪ್ರಾಯ.

ಮುಂದಿನ ಕೂಟದ ಚೀಟಿಯು ನಿಮ್ಮ ಮನೆಗೂ ಬರುವುದು. ಈ ಸಲ ಇಪ್ಪತ್ತೇಳಕ್ಕಿಂತ ಹೆಚ್ಚು ಕುರ್ಚಿಗಳನ್ನು ಹಾಕಿಸಿರುತ್ತೇನೆ.